ಕಿಯೊಜ್ಜ: ಇಟಲಿಯ ಒಂದು ಕಡಲೂರು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ಸೀಮೆಯವರಾದ ನಮಗೆ ನೀರೆಂದರೆ ಕೆರೆ, ಇಲ್ಲವೆ ಬಾವಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮಗ್ಗುಲಲ್ಲಿ ಸಾಗುವ ಉತ್ತರಪಿನಾಕಿನಿಯು ಕಡೆಗೆ ಸಮುದ್ರವನ್ನು ಸೇರುತ್ತದೆಂದು ಬಲ್ಲೆವೇ ಹೊರತು, ಆ ಸಮುದ್ರವು ನಮ್ಮ ದಿನಬಳಕೆಯ ಮಾತಿಗೆ ಬರುವುದಿಲ್ಲ. ಹೀಗಿರಲು ಇಟಲಿಯ ಒಂದು ಕಡಲೂರಿನ ವಿಚಾರ ನಮಗೇತಕ್ಕೆಂದು ತಾವು ಕೇಳಬಹುದು. ಆರುನೂರು ವರ್ಷಗಳ ಹಿಂದೆ ಆ ಊರಿನವನೊಬ್ಬನು ನಮ್ಮ ನೆರೆಗೇ ಬಂದುಹೋದನು. ಅವನ ಮಾತು ನಮ್ಮ ಚರಿತ್ರೆಗೆ ಸಾಕ್ಷಿಯಾಗಿ ನಿಂತಿದೆ. ಸಾಕ್ಷಿಯ ಮಾತನ್ನು ತೂಗುವ ಮುನ್ನ ಅವನ ಊರನ್ನು ನೋಡಿಬರುವುದು ಒಳ್ಳೆಯದು.

ಆ ಊರು ಕಿಯೊಜ್ಜ. ವೆನಿಸ್ ನಗರವನ್ನು ಸುತ್ತಿರುವ ಹಿನ್ನೀರಿನ ದಕ್ಷಿಣದ ತುದಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ ಅದು ನೆಲೆಸಿದೆ. ಊರಿನ ಉದ್ದಕ್ಕೂ ವೇನ ಎಂಬ ಕಾಲುವೆ. ಅದರ ಮೇಲೆ ಸಾಲಾಗಿ ಸೇತುವೆಗಳು. ದಡದಲ್ಲಿ ಮೀನುಗಾರರ ದೋಣಿಗಳು. 1322ರಲ್ಲಿ ಕಟ್ಟಿದ ಕಣಜವೊಂದು ಈಗಲೂ ಅಲ್ಲಿದೆ. ಅದರ ಹಿಂದೆ ಮೀನಿನ ಪೇಟೆ. ಒಂದು ಕಂಬದ ಮೇಲೆ ವೆನಿಸ್ಸಿನ ಲಾಂಛನವಾದ ಸಿಂಹವಿದೆ. ಅದು ಬಲು ಚಿಕ್ಕದಾದುದರಿಂದ ಜನರು ಅದನ್ನು ‘ಬೆಕ್ಕು’ ಎಂದು ಹಾಸ್ಯಮಾಡುವುದುಂಟು. ಆದರೆ ಊರು ಕಂಡ ಕಷ್ಟ ಹಾಸ್ಯದ್ದಲ್ಲ. 1379ರ ಆಗಸ್ಟ್ ತಿಂಗಳಲ್ಲಿ ವೆನಿಸ್ಸಿನ ಪ್ರತಿಸ್ಪರ್ಧಿಗಳಾದ ಜಿನೋವದವರು ಅದನ್ನು ಹಿಡಿದರು. ವೆನಿಸ್ಸಿನವರು ಮುತ್ತಿಗೆ ಹಾಕಿ 1380ರ ಜೂನ್ ತಿಂಗಳಲ್ಲಿ ಮರಳಿ ಪಡೆದರು. ಈ ನಡುವೆ ಊರು ಬಹುಮಟ್ಟಿಗೆ ಹಾಳಾಯಿತು.

ಆ ಯುದ್ಧ ಮುಗಿದು ಸುಮಾರು ಹದಿನೈದು ವರ್ಷಗಳಾದ ಮೇಲೆ ನಿಕೊಲೊ ಕೊಂಟಿ ಅಲ್ಲಿ ಹುಟ್ಟಿದನು. ವ್ಯಾಪಾರಕ್ಕೆಂದು ಡಮಾಸ್ಕಸ್ಸಿಗೆ ಹೋದವನು ಅರಬ್ಬೀ ಭಾಷೆಯನ್ನು ಕಲಿತು, ಬಾಗ್ದಾದು, ಹೊರ್ಮುಜ್, ಖಂಬಾಯತಗಳನ್ನು ದಾಟಿ, 1420ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದನು. ಅಲ್ಲಿಂದ ಎಂಟು ದಿನಗಳ ದಾರಿಯಲ್ಲಿ ‘ಪೆಲಗೊಂಡ’ ಎಂಬ ಘನವಾದ ಪಟ್ಟಣವಿತ್ತೆಂದು ಅವನು ಹೇಳಿದ್ದಾನೆ. ಪಂಡಿತರು ಇದನ್ನು ಪೆನುಗೊಂಡೆಯೆಂದು ಗುರುತಿಸುತ್ತಾರೆ. ಗೌರಿಬಿದನೂರಿನಿಂದ ಉತ್ತರಕ್ಕೆ ಹಿಂದೂಪುರವನ್ನು ದಾಟಿದರೆ ಸಿಕ್ಕುವ ಪೆನುಗೊಂಡೆಯೇ ಅದು! ಅವನು ನಮ್ಮ ಹೊಸ್ತಿಲವರೆಗೆ ಬಂದಿದ್ದನೆನ್ನಬಹುದು.

ಸುಮಾರು ಇಪ್ಪತ್ತೈದು ವರ್ಷ ಅಲೆದ ಮೇಲೆ ಅವನು ಹೆಂಡತಿಮಕ್ಕಳೊಡನೆ ತಾಯ್ನಾಡಿಗೆ ಹೊರಟನು. ದಾರಿಯಲ್ಲಿ ಅವರ ಪ್ರಾಣಭಯದಿಂದ ತನ್ನ ಮತವನ್ನು ಬಿಡಬೇಕಾಯಿತು. ಈಜಿಪ್ಟಿನಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ಮಹಾಮಾರಿಗೆ ತುತ್ತಾದರು. ಯಾರಿಗಾಗಿ ಮತವನ್ನು ಬಿಟ್ಟನೋ ಅವರನ್ನೇ ಕಳೆದುಕೊಂಡು ಫ್ಲಾರೆನ್ಸಿಗೆ ಬಂದು ಪೋಪ್ ನಾಲ್ಕನೆಯ ಯುಜೀನಿಯಸ್ಸನ ಕ್ಷಮೆಯನ್ನು ಬೇಡಿದನು. ಕಂಡದ್ದೆಲ್ಲವನ್ನೂ ನಿಜವಾಗಿ ಹೇಳಬೇಕೆಂಬುದೇ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತವೆಂದು ಪ್ರತೀತಿ. ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಅದನ್ನು ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು.

ಆ ಬರೆಹದಲ್ಲಿ ವಿಜಯನಗರದ ಸುತ್ತಳತೆ 60 ಮೈಲಿ. ಆಯುಧ ಹಿಡಿಯಬಲ್ಲವರು 90,000. ಈ ಲೆಕ್ಕಗಳನ್ನು ಎಷ್ಟು ನಂಬಬೇಕೋ ವಿಚಾರಮಾಡತಕ್ಕದ್ದು. ದೇವಾಲಯಗಳ ಒಳಗೂ ಹೊರಗೂ ಅಸಂಖ್ಯಾತ ಎಣ್ಣೆಯ ದೀಪಗಳು ಹಗಲಿರುಳು ಉರಿಯುವ ಹಬ್ಬವನ್ನು ಓದಿದಾಗ ಮಾತ್ರ ಇದು ನಮ್ಮ ಮನೆಯದೇ ಎಂದು ಮನಸ್ಸು ಒಪ್ಪುತ್ತದೆ. ಇನ್ನೊಂದು, ಒಂಬತ್ತು ದಿನಗಳ ಉತ್ಸವ. ಆಗ ರಾಜಬೀದಿಗಳಲ್ಲಿ ದೊಡ್ಡ ಕಂಬಗಳನ್ನು ನೆಟ್ಟು ಜರತಾರಿಯ ಬಟ್ಟೆಗಳಿಂದ ಸಿಂಗರಿಸುತ್ತಿದ್ದರು. ಆ ಕಂಬಗಳು ಹೇಗಿದ್ದವು? ಚಿಕ್ಕ ಹಡಗಿನ ಹಾಯಿಕಂಬಗಳಂತೆ! ತುಂಗಭದ್ರೆಯ ಬಂಡೆಗಳ ನಡುವೆ ನಿಂತವನಿಗೆ ಹಾಯಿಕಂಬದ ನೆನಪು ಹೇಗೆ ಬಂದಿತು? ಕಿಯೊಜ್ಜದ ಕಾಲುವೆಯನ್ನು ನೋಡಿಬಂದವರಿಗೆ ಉತ್ತರ ಬೇರೆ ಬೇಕಿಲ್ಲ. ಮನುಷ್ಯನು ಎಷ್ಟು ದೂರ ಹೋದರೂ ಹುಟ್ಟಿದೂರನ್ನು ಕಣ್ಣಿನಲ್ಲೇ ಹೊತ್ತು ತಿರುಗುತ್ತಾನೆ. ಪರದೇಶದವರ ಬರೆಹಗಳಿಂದ ನಮ್ಮ ಚರಿತ್ರೆಯನ್ನು ಕಟ್ಟುವವರು ಇದನ್ನು ಮರೆಯಬಾರದು.

ಹಾಗಾದರೆ ನಮ್ಮವರ ಸಾಕ್ಷಿ ಎಲ್ಲಿ? ಆಗಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿದರು. 2007ರಲ್ಲಿ ಹೊಸ ಜಿಲ್ಲೆಗೆ ಸೇರಿದ ನಮ್ಮ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ಕೆರೆಗೆ ಬಿಟ್ಟ ಗದ್ದೆ, ದೇವರಿಗೆ ಕೊಟ್ಟ ದತ್ತಿ, ಊರಿಗಾಗಿ ಕಾದಿ ಮಡಿದವನ ಹೆಸರು—ದಾರಿಹೋಕನ ಕಣ್ಣಿಗೆ ಬೀಳದ ಇಂಥವನ್ನು ಕಲ್ಲುಗಳು ಹೇಳುತ್ತವೆ. ಪೊಜ್ಜೊವಿನ ಗ್ರಂಥದಲ್ಲಿ ಅರಮನೆಯ ವೈಭವವಿದೆ. ಕೊಂಟಿಯೊಡನೆ ಕಡಲನ್ನೂ ಮರುಭೂಮಿಯನ್ನೂ ದಾಟಿದ ಆ ಹೆಂಡತಿಯ ಹೆಸರಿಲ್ಲ. ನಮ್ಮ ಹೊಲದ ಬದುವಿನಲ್ಲಿ ಒರಗಿರುವ ವೀರಗಲ್ಲಿನಲ್ಲಿ ಸಾಮಾನ್ಯನೊಬ್ಬನ ಹೆಸರು ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ, ಅದರ ಮೇಲಿನ ಮಣ್ಣನ್ನು ಒರಸಿ, ಒಮ್ಮೆ ಓದಿ ನೋಡಿರಿ.