ಬಿಟ್‌ವೈಸ್ ಕ್ರಿಯೆಗಳು

ಗಣಕಯಂತ್ರದ ಕ್ರಮವಿಧಿಯಲ್ಲಿ ಸಂಖ್ಯೆಯೊಂದನ್ನು ಅದರ ಒಟ್ಟು ಬೆಲೆಯಿಂದಲ್ಲದೆ ಸೊನ್ನೆ-ಒಂದುಗಳ, ಎಂದರೆ ಬಿಟ್‌ಗಳ, ಸಾಲೆಂದು ಗ್ರಹಿಸಿ, ಎರಡು ಸಾಲುಗಳ ಸಮಸ್ಥಾನಗಳಲ್ಲಿರುವ ಬಿಟ್‌ಗಳನ್ನು ಜೋಡಿಜೋಡಿಯಾಗಿ ತರ್ಕಕ್ಕೊಳಪಡಿಸುವ ಕ್ರಿಯೆಗಳಿಗೆ ಈ ಹೆಸರು. ಸಂಕಲನದಲ್ಲಿ ಕೈಯಲ್ಲುಳಿದುದನ್ನು ಎಡದ ಸ್ಥಾನಕ್ಕೆ ಒಯ್ಯುವುದುಂಟಷ್ಟೆ. ಇಲ್ಲಿ ಒಂದು ಸ್ಥಾನದ ಫಲ ಮತ್ತೊಂದನ್ನು ಮುಟ್ಟದು. ಎರಡೂ ಬಿಟ್ ಒಂದಾಗಿದ್ದರೆ ಮಾತ್ರ ಒಂದನ್ನೀಯುವುದು ಆಂಡ್. ಯಾವುದಾದರೊಂದು ಒಂದಾಗಿದ್ದರೂ ಒಂದನ್ನೀಯುವುದು ಆರ್. ಎರಡೂ ಭಿನ್ನವಾದಾಗಲಷ್ಟೇ ಒಂದನ್ನೀಯುವುದು ಎಕ್ಸಾರ್. ಒಂದೇ ಸಾಲಿನ ಪ್ರತಿ ಬಿಟ್ಟನ್ನೂ ವಿಪರ್ಯಯಗೊಳಿಸುವುದು ನಾಟ್. ಸಿ ಭಾಷೆಯಲ್ಲಿ ಇವುಗಳ ಚಿಹ್ನೆಗಳು ಕ್ರಮವಾಗಿ &, |, ^, ~. ಇವುಗಳ ಮೂಲತತ್ತ್ವವನ್ನು ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ಬೀಜಗಣಿತದ ರೂಪದಲ್ಲಿ ನಿರೂಪಿಸಿದನು. 1938ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕ್ಲಾಡ್ ಶಾನನ್ ಅದನ್ನು ವಿದ್ಯುನ್ಮಂಡಲಗಳಿಗೆ ಅನ್ವಯಿಸಿದನು.

ಭಾರತೀಯ ಲಿಪಿಗಳಲ್ಲಿ ಈ ಕ್ರಿಯೆಗಳಿಗೊಂದು ಸಹಜಕ್ಷೇತ್ರವುಂಟು. 1988ರ ಇಸ್ಕಿ ಸಂಕೇತವ್ಯವಸ್ಥೆಯ ವರ್ಣಕ್ರಮವನ್ನು ಯೂನಿಕೋಡ್ ಅನುಸರಿಸಿ, ದೇವನಾಗರಿಗೆ 2304ರಿಂದಲೂ ಕನ್ನಡಕ್ಕೆ 3200ರಿಂದಲೂ ಮೊದಲಾಗುವ 128 ಸ್ಥಾನಗಳ ಸಮಾನಾಂತರ ಖಂಡಗಳನ್ನು ಕೊಟ್ಟಿರುವುದರಿಂದ, ಕೆಳಗಿನ ಏಳು ಬಿಟ್‌ಗಳು ವರ್ಣವನ್ನೂ ಮೇಲಿನವು ಲಿಪಿಯನ್ನೂ ಸೂಚಿಸುತ್ತವೆ. ನಾಗಪುರದ ಧರಮಪೇಠದ ಹೆಸರನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಫಲಕಗಳ ದೇವನಾಗರಿ ‘ಧ’ಕಾರದ ಸಂಕೇತ 2343, ದ್ವಿಮಾನದಲ್ಲಿ 100100100111, ಇದಕ್ಕೆ 127ರೊಡನೆ, ಎಂದರೆ ಏಳು ಒಂದುಗಳ ಮಾಸ್ಕ್‌ನೊಡನೆ, ಆಂಡ್ ಮಾಡಲು ಲಿಪಿಭಾಗ ಅಳಿದು 39 ಉಳಿಯುತ್ತದೆ, ಅದಕ್ಕೆ 3200ರೊಡನೆ ಆರ್ ಮಾಡಲು ದೊರೆಯುವ 110010100111, ಎಂದರೆ 3239, ಕನ್ನಡದ ‘ಧ’ಕಾರವೇ ಆಗಿದೆ. ಉಳಿದ ಐದು ಸಂಕೇತಗಳ ಶೇಷಗಳಾದ 48, 46, 42, 71, 32 ಇವೂ ಹಾಗೆಯೇ ‘ರ’, ‘ಮ’, ‘ಪ’, ಏತ್ವದ ದೀರ್ಘ, ‘ಠ’ ಎಂದು ಪರಿಣಮಿಸಿ, ಒಂದು ಅಕ್ಷರವೂ ತಪ್ಪದೆ ‘ಧರಮಪೇಠ’ ಸಿದ್ಧವಾಗುತ್ತದೆ.

ಇದನ್ನೇ ಎಕ್ಸಾರ್ ಒಂದೇ ಹೆಜ್ಜೆಯಲ್ಲಿ ಸಾಧಿಸುತ್ತದೆ. ಎರಡು ಖಂಡಗಳ ಮೊದಲ ಸಂಖ್ಯೆಗಳಿಗೆ ಎಕ್ಸಾರ್ ಮಾಡಿದರೆ ಬರುವುದು 1408. ಇದರೊಡನೆ ಎಕ್ಸಾರ್ ಮಾಡಿದ ದೇವನಾಗರಿ ಸಂಕೇತ ಕನ್ನಡವಾಗುವುದು, ಮತ್ತೊಮ್ಮೆ ಮಾಡಲು ಪುನಃ ದೇವನಾಗರಿಯಾಗುವುದು. ಕೂಡಿ ಕಳೆದರೂ ಇದೇ ಫಲವುಂಟು. ಆದರೆ ಆಗ ಹೋಗುವಾಗೊಂದು, ಮರಳುವಾಗೊಂದು ಕ್ರಿಯೆ ಬೇಕು.

ಈ ವಿಧಾನಕ್ಕೆ ಮಿತಿಯೂ ಇದೆ. ಮರಾಠಿಗರು ‘ಠ’ಕಾರದ ಕಡೆಯ ಅಕಾರವನ್ನು ಉಚ್ಚರಿಸದಿರುವುದು ಯಾವ ಬಿಟ್ಟಿನಲ್ಲಿಯೂ ದಾಖಲಾಗಿಲ್ಲವಾದುದರಿಂದ ಬದಲಾಗುವುದು ಲಿಪಿ ಮಾತ್ರವೇ ಹೊರತು ಉಚ್ಚಾರಣೆಯಲ್ಲ. ವೈದ್ಯರ ಫಲಕಗಳಲ್ಲಿ ‘ಡಾಕ್ಟರ್’ ಎಂಬುದಕ್ಕೆ ಮರಾಠಿ ಬಳಸುವ ಅರ್ಧಚಂದ್ರದ ಸ್ವರಚಿಹ್ನೆ, ಶೇಷ 73, ಕನ್ನಡ ಖಂಡದಲ್ಲಿ ಬರಿದಾದ 3273ಕ್ಕೆ ಹೋಗಿ ನಿಲ್ಲುತ್ತದೆ. ಇಂಥವುಗಳಿಗೆ ಕ್ರಮವಿಧಿಯಲ್ಲಿ ಪ್ರತ್ಯೇಕ ಕೋಷ್ಟಕವನ್ನೇ ಬರೆಯಬೇಕಾಗುತ್ತದೆ.