ಕಾಣೆಯಾದ ವಿಮಾನದ ಹಾರಾಟದ ದೂರ: ಎಂಎಚ್370ರ ಲೆಕ್ಕಾಚಾರ

ರೇಡಾರ್‌ನಿಂದ ಮರೆಯಾದ ವಿಮಾನ ಎಷ್ಟು ದೂರ ಹಾರಿರಬಹುದು ಎಂಬ ಲೆಕ್ಕ ಶುರುವಾಗುವುದು ಅದರಲ್ಲಿ ಉಳಿದಿದ್ದ ಇಂಧನದಿಂದ. 2014ರ ಮಾರ್ಚ್ 8ರ ನಸುಕಿನಲ್ಲಿ 239 ಮಂದಿಯೊಂದಿಗೆ ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನ (ಎಂಎಚ್370) 1.07ರ ಹೊತ್ತಿಗೆ ತಾನಾಗಿಯೇ ಕಳಿಸಿದ ವರದಿಯ ಪ್ರಕಾರ ಅದರಲ್ಲಿ 43,800 ಕಿಲೋ ಇಂಧನ ಇತ್ತು. 1.21ಕ್ಕೆ ವಿಮಾನದ ಗುರುತನ್ನು ರೇಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಮೌನವಾಯಿತು. ವಿಮಾನ ಹಿಂದಿರುಗಿ ಮಲಯ ಪರ್ಯಾಯ ದ್ವೀಪವನ್ನು ದಾಟಿತು, 2.22ಕ್ಕೆ ಮಲಕ್ಕಾ ಜಲಸಂಧಿಯ ವಾಯವ್ಯದಲ್ಲಿ ಮಿಲಿಟರಿ ರೇಡಾರ್‌ನಿಂದಲೂ ಮರೆಯಾಯಿತು.

ಗಂಟೆಗೆ ಆರು ಟನ್‌ನಷ್ಟು ಸುಟ್ಟರೆ ಆ ಇಂಧನ ಏಳು ಗಂಟೆ ದಾಟಿ ಬಾಳುತ್ತದೆ. ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಅದು 6,000 ಕಿ.ಮೀ.ಗೂ ಹೆಚ್ಚಿನ ದೂರ. ನಕ್ಷೆಯ ಮೇಲೆ ಅಷ್ಟು ತ್ರಿಜ್ಯದ ವೃತ್ತ ಎಳೆದರೆ ಇಡೀ ಭಾರತವೂ ಅದರೊಳಗೆ ಬೀಳುತ್ತದೆ. ವಿಸ್ತೀರ್ಣ ಹತ್ತು ಕೋಟಿ ಚದರ ಕಿ.ಮೀ. ಮೀರುತ್ತದೆ. ಹುಡುಕುವವರಿಗೆ ಇಂಥ ವೃತ್ತದಿಂದ ಪ್ರಯೋಜನ ಕಡಿಮೆ. ಮೇಲಾಗಿ ಅದು ಗರಿಷ್ಠ ಮಿತಿ ಮಾತ್ರ: ಕೆಳಮಟ್ಟದ ದಟ್ಟ ಗಾಳಿಯಲ್ಲಿ ಹಾರಿದರೆ ಜೆಟ್ ಎಂಜಿನ್ ಅದೇ ದೂರಕ್ಕೆ ಹೆಚ್ಚು ಇಂಧನ ಕುಡಿಯುತ್ತದೆ, ಎದುರುಗಾಳಿ ಇನ್ನಷ್ಟು ಕಸಿಯುತ್ತದೆ.

ಲೆಕ್ಕಕ್ಕೆ ಹಿಡಿತ ಸಿಕ್ಕಿದ್ದು ಹಿಂದೂ ಮಹಾಸಾಗರದ ಮೇಲಿನ ಇನ್‌ಮಾರ್‌ಸ್ಯಾಟ್ ಉಪಗ್ರಹದಿಂದ. ಒಂದು ಗಂಟೆ ಸದ್ದಿಲ್ಲದಿದ್ದರೆ ಪರ್ತ್‌ನ ಭೂಕೇಂದ್ರ ಉಪಗ್ರಹದ ಮೂಲಕ 'ಇದ್ದೀಯಾ?' ಎಂದು ಕೇಳುತ್ತಿತ್ತು, ವಿಮಾನದ ಉಪಕರಣ ಉತ್ತರಿಸುತ್ತಿತ್ತು. ಉತ್ತರ ಬರಲು ಹಿಡಿದ ಸಮಯದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ಅಂತರ ತಿಳಿಯಿತು. ಅಷ್ಟೇ ಅಂತರದ ಬಿಂದುಗಳನ್ನು ಭೂಮಿಯ ಮೇಲೆ ಸೇರಿಸಿದರೆ ಒಂದು ಉಂಗುರ. ಅದರ ನಿಖರತೆ ಸುಮಾರು 10 ಕಿ.ಮೀ. ಇಂಥ ಏಳು ಉಂಗುರಗಳು ದೊರೆತವು.

ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಉಂಗುರ ಹೇಳದು. ಅದನ್ನು ಹೇಳಿದ್ದು ಡಾಪ್ಲರ್ ಪರಿಣಾಮ, ಅಂದರೆ ಚಲನೆಯಿಂದ ಸಂಕೇತದ ಆವರ್ತನದಲ್ಲಾಗುವ ಬದಲಾವಣೆ. ಉಪಗ್ರಹ ಅಲುಗಾಡದೆ ನಿಂತಿದೆ ಎಂದುಕೊಂಡು ವಿಮಾನದ ಉಪಕರಣ ತನ್ನ ಆವರ್ತನವನ್ನು ಸರಿಪಡಿಸಿಕೊಳ್ಳುತ್ತಿತ್ತು. ಉಪಗ್ರಹವಾದರೋ ತುಸು ಓಲಾಡುತ್ತಿತ್ತು. ಉಳಿದುಹೋದ ಆ ಸಣ್ಣ ವ್ಯತ್ಯಾಸ ದಕ್ಷಿಣದ ಹಾದಿಗೆ ಹೊಂದಿತು.

ಬೆಳಗಿನ 8.19ರ ಕೊನೆಯ ಸಂಕೇತ ಉತ್ತರವಾಗಿರಲಿಲ್ಲ, ವಿಮಾನ ತಾನೇ ಮತ್ತೆ ಸಂಪರ್ಕ ಕೋರಿದ್ದು. ಇಂಧನ ಮುಗಿದು ಎಂಜಿನ್‌ಗಳು ನಿಂತು, ಸಹಾಯಕ ವಿದ್ಯುತ್ ಘಟಕ ಚಾಲೂ ಆದಾಗ ಹೀಗಾಗುತ್ತದೆ ಎಂಬುದು ತನಿಖೆದಾರರ ವಿವರಣೆ. 43,800 ಕಿಲೋದ ಲೆಕ್ಕವೂ ಆ ವೇಳೆಗೇ ತಾಳೆಯಾಗುತ್ತದೆ. ಆದರೆ ಏಳನೆಯ ಉಂಗುರವನ್ನು ವಿಮಾನ ಎಲ್ಲಿ ದಾಟಿತು? ವೇಗ ಹೆಚ್ಚಿದ್ದರೆ ಇನ್ನಷ್ಟು ದಕ್ಷಿಣಕ್ಕೆ, ಕಡಿಮೆಯಿದ್ದರೆ ಉತ್ತರಕ್ಕೆ. ಇಲ್ಲಿ ಇಂಧನದ ಮಿತಿ ನಿಜವಾಗಿ ಉಪಯೋಗಕ್ಕೆ ಬಂತು: ತೀರಾ ದಕ್ಷಿಣದ ಭಾಗವನ್ನು ಅದು ಕತ್ತರಿಸಿಹಾಕಿತು. ಉಂಗುರ ನಂಬಲರ್ಹ, ಅದರ ಮೇಲಿನ ಬಿಂದು ಮಾತ್ರ ಊಹೆ.

2015ರ ಜುಲೈಯಲ್ಲಿ ರಿಯೂನಿಯನ್ ದ್ವೀಪದ ದಡಕ್ಕೆ ಬಂದ ಫ್ಲಾಪರಾನ್ (ರೆಕ್ಕೆಯ ಚಲಿಸುವ ಭಾಗ) ವಿಮಾನ ಹಿಂದೂ ಮಹಾಸಾಗರದಲ್ಲೇ ಬಿದ್ದದ್ದನ್ನು ಖಚಿತಪಡಿಸಿತು. 2017ರ ಜನವರಿಯವರೆಗೆ 1,20,000 ಚದರ ಕಿ.ಮೀ. ಸಮುದ್ರತಳವನ್ನು ಜಾಲಾಡಲಾಯಿತು, 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಇನ್ನೂ 1,12,000 ಚದರ ಕಿ.ಮೀ. ಶೋಧಿಸಿ ಬರಿಗೈಲಿ ಮರಳಿತು.