ಕಲ್ಯಾಣದ ಗ್ರಂಥ, ಕರಾವಳಿಯ ಕಟ್ಟು

ಅನಿವಾಸಿ ಕನ್ನಡಿಗರಾದ ನಾವು ಸಮ್ಮೇಳನಗಳಲ್ಲಿ ಒಂದೆಡೆ ಸೇರಿದಾಗ ನಮ್ಮ ಭಾಷೆ, ಸಾಹಿತ್ಯ, ಸಂಗೀತ, ಶಿಲ್ಪಗಳನ್ನು ಅಭಿಮಾನದಿಂದ ನೆನೆಯುತ್ತೇವೆ. ಕನ್ನಡ ನಾಡು ಭಾರತಕ್ಕೆ ನೀಡಿದ ಇನ್ನೊಂದು ದೊಡ್ಡ ಕೊಡುಗೆಯನ್ನು ಮಾತ್ರ ನೆನೆಯುವುದು ಅಪರೂಪ. ಅದು ಕಾನೂನು. ಊರಿನ ತೋಟ ಯಾರಿಗೆ, ಹಿರಿಯರ ಮನೆ ಯಾರಿಗೆ, ಹೆಣ್ಣುಮಕ್ಕಳಿಗೆ ಪಾಲುಂಟೇ ಎಂಬ ಪ್ರಶ್ನೆಗಳು ನಮ್ಮಲ್ಲಿ ಅನೇಕರ ಮನೆಗಳಲ್ಲಿ ದೂರವಾಣಿಯ ಮೂಲಕ ನಡೆಯುವ ಚರ್ಚೆಗಳೇ ಆಗಿವೆ. ಈ ಪ್ರಶ್ನೆಗಳಿಗೆ ಒಂದೇ ನಾಡಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಉತ್ತರಗಳಿದ್ದವು ಎಂಬುದನ್ನೂ, ರಾಜ್ಯಶಕ್ತಿಯು ಆ ಎರಡನ್ನೂ ಹೇಗೆ ನಡೆಸಿಕೊಂಡಿತೆಂಬುದನ್ನೂ ಅರಿಯುವುದು ಈ ಲೇಖನದ ಉದ್ದೇಶ.

ಕಲ್ಯಾಣದ ವಿಜ್ಞಾನೇಶ್ವರ

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಹಿಂದೆ ಕಲ್ಯಾಣ ಚಾಳುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಆತನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹೆಸರಿಗೆ ಮಿತವಾದ ಅಕ್ಷರಗಳು. ಪ್ರಭಾವಕ್ಕೆ ಮಿತಿಯೇ ಇರಲಿಲ್ಲ. ಜೀಮೂತವಾಹನನ ‘ದಾಯಭಾಗ’ವನ್ನು ಅನುಸರಿಸಿದ ಬಂಗಾಳವನ್ನು ಬಿಟ್ಟರೆ, ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಹಕ್ಕಿಗೆ ಇದೇ ಆಧಾರವಾಯಿತು. ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಇದರ ಮೂಲತತ್ತ್ವ. ದಾಯಭಾಗದಲ್ಲಾದರೋ ತಂದೆ ಬದುಕಿರುವವರೆಗೆ ಮಗನಿಗೆ ಹಕ್ಕಿಲ್ಲ.

ವಿಜ್ಞಾನೇಶ್ವರನನ್ನು ಕೇವಲ ಪುರುಷಪಕ್ಷಪಾತಿಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಹುಟ್ಟಿನ ಹಕ್ಕನ್ನು ಆತನು ಹೆಣ್ಣುಮಕ್ಕಳಿಗೆ ವಿಸ್ತರಿಸಲಿಲ್ಲ, ನಿಜ. ಆದರೆ ‘ಸ್ತ್ರೀಧನ’ ಎಂಬ ಪದಕ್ಕೆ ಆತನಷ್ಟು ವಿಶಾಲವಾದ ಅರ್ಥವನ್ನು ನೀಡಿದವರು ವಿರಳ. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ದೊರೆತದ್ದು ಎಲ್ಲವೂ ಆಕೆಯ ಸ್ವಂತ ಧನವೆಂದು ಆತನು ವಾದಿಸಿದನು. ಪಾಲಾಗಿ ಬೇರೆಯಾಗಿದ್ದ ಗಂಡನು ಮಕ್ಕಳಿಲ್ಲದೆ ತೀರಿಕೊಂಡರೆ ವಿಧವೆಯೇ ಉತ್ತರಾಧಿಕಾರಿಯೆಂದು ಸ್ಥಾಪಿಸಿದನು.

ಆತನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೇ ಇನ್ನೊಂದು ಗಮನಾರ್ಹ ವಿಧಿಯಿದೆ. ಅರಸನು ಹೊಸ ನಾಡೊಂದನ್ನು ಗೆದ್ದಾಗ ಅಲ್ಲಿನ ಆಚಾರ, ವ್ಯವಹಾರ, ಕುಲಪದ್ಧತಿಗಳನ್ನು ಮೊದಲಿದ್ದಂತೆಯೇ ಕಾಪಾಡಬೇಕೆಂಬುದು ಅದರ ತಾತ್ಪರ್ಯ. ವೃತ್ತಿಸಂಘಗಳಿಗೂ, ವೇದವನ್ನು ಒಪ್ಪದ ಪಂಥಗಳಿಗೂ ತಮ್ಮ ತಮ್ಮ ಕಟ್ಟಳೆಗಳಂತೆ ನಡೆದುಕೊಳ್ಳುವ ಅವಕಾಶವಿತ್ತು. ಶಾಸ್ತ್ರವು ತನ್ನ ಹೊರಗೂ ಧರ್ಮವುಂಟೆಂದು ಒಪ್ಪಿಕೊಂಡಿತ್ತು.

ಕರಾವಳಿಯ ಅಳಿಯಕಟ್ಟು

ಘಟ್ಟವನ್ನಿಳಿದರೆ ಚಿತ್ರವೇ ಬದಲಾಗುತ್ತದೆ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಹಾಗೂ ಜೈನರಲ್ಲಿ ಹಲವರು ಅಳಿಯಸಂತಾನ ಪದ್ಧತಿಯವರು. ಅಲ್ಲಿ ವಂಶವು ತಾಯಿಯಿಂದ ಮಗಳಿಗೆ ಹರಿಯುತ್ತದೆ, ‘ಬಳಿ’ಯೂ ತಾಯಿಯದೇ. ಗಂಡಸು ತನ್ನ ಕುಟುಂಬದ ಆಸ್ತಿಯನ್ನು ನೋಡಿಕೊಂಡರೂ ಅದು ಅವನ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ ಸಲ್ಲುತ್ತದೆ. ಕುಟುಂಬದ ಹಿರಿಯಳು ‘ಯಜಮಾನಿ’ಯಾಗಿ ಆಸ್ತಿಯ ಆಡಳಿತ ನಡೆಸುವುದೂ ಉಂಟು. ಅದೇ ಊರಿನಲ್ಲಿ, ಪಕ್ಕದ ಮನೆಯ ಬ್ರಾಹ್ಮಣ ಕುಟುಂಬವು ಮಕ್ಕಳಕಟ್ಟನ್ನು ಅನುಸರಿಸುತ್ತಿತ್ತು. ಒಂದೇ ಗದ್ದೆಬಯಲಿನ ಅಕ್ಕಪಕ್ಕದ ಗದ್ದೆಗಳು ಎರಡು ಕಾನೂನುಗಳಿಗೆ ಒಳಪಟ್ಟಿದ್ದವು. ಇದರಿಂದ ಊರೇನೂ ಒಡೆಯಲಿಲ್ಲ.

ಈ ಪದ್ಧತಿಯ ಮೂಲವನ್ನು ಕುರಿತು ಪ್ರಸಿದ್ಧವಾದ ಐತಿಹ್ಯವೊಂದಿದೆ. ರಾಜನ ಹಡಗುಗಳನ್ನು ಕಡಲಿಗಿಳಿಸಲು ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತಂತೆ. ರಾಣಿಯು ತನ್ನ ಮಗನನ್ನು ಕೊಡಲೊಪ್ಪಲಿಲ್ಲ. ರಾಜನ ತಂಗಿಯು ತನ್ನ ಮಗನನ್ನೇ ಮುಂದೆ ನಿಲ್ಲಿಸಿದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನೆಂಬ ಹೆಸರಿನಿಂದ ಅರಸನಾಗಿ ಅಳಿಯಕಟ್ಟನ್ನು ವಿಧಿಸಿದನೆಂಬುದು ಕಥೆ. ಭೂತಾಳಪಾಂಡ್ಯನ ಕಟ್ಟಳೆಯೆಂದು ಪ್ರಚಾರದಲ್ಲಿದ್ದ ಗ್ರಂಥವು ಪ್ರಾಚೀನವಲ್ಲ, ಈಚಿನ ಕೃತಕ ರಚನೆಯೆಂದು ವಿದ್ವಾಂಸ ಬರ್ನೆಲ್ ಅಭಿಪ್ರಾಯಪಟ್ಟನು. ಗ್ರಂಥ ಕೃತಕವಾದರೂ ಬದುಕು ಕೃತಕವಲ್ಲ. ಆ ಬದುಕಿಗೆ ಪುಸ್ತಕದ ಅಗತ್ಯವೂ ಇರಲಿಲ್ಲ. ಪುಸ್ತಕವನ್ನು ಕೇಳಿದ್ದು ನ್ಯಾಯಾಲಯ.

ಪದ್ಧತಿಯು ಕಾಗದವಾದಾಗ

1772ರಲ್ಲಿ ವಾರನ್ ಹೇಸ್ಟಿಂಗ್ಸನು ಉತ್ತರಾಧಿಕಾರ, ವಿವಾಹ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಎಂದು ಗೊತ್ತುಪಡಿಸಿದನು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯವಿಭಾಗವನ್ನೂ ದಾಯಭಾಗವನ್ನೂ ಇಂಗ್ಲಿಷಿಗೆ ತಂದನು. ವೈವಿಧ್ಯವನ್ನು ಗೌರವಿಸುವ ಉದ್ದೇಶವೇ ಇದರಲ್ಲಿತ್ತೆನ್ನಬಹುದು. ಆದರೆ ಫಲ ಬೇರೆಯಾಯಿತು. ವ್ಯಾಖ್ಯಾನಗಳ ಮೂಲಕ ಕಾಲಕಾಲಕ್ಕೆ ಬದಲಾಗುತ್ತ ಬಂದಿದ್ದ ಶಾಸ್ತ್ರವು ಭಾಷಾಂತರದಲ್ಲಿ ಹೆಪ್ಪುಗಟ್ಟಿತು. ವಿಜ್ಞಾನೇಶ್ವರನ ಸ್ತ್ರೀಧನದ ವಿಶಾಲ ಅರ್ಥವನ್ನು 1860ರ ದಶಕದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ವಿಧವೆಗೆ ಬಂದ ಆಸ್ತಿಯು ಆಕೆಯ ಜೀವಮಾನಕ್ಕೆ ಮಾತ್ರ ಸೀಮಿತವೆಂದಾಯಿತು. ಕಲ್ಯಾಣದ ಪಂಡಿತನು ಹೆಣ್ಣಿಗೆ ಕೊಟ್ಟದ್ದನ್ನು, ಆತನ ಗ್ರಂಥದ ಹೆಸರಿನಲ್ಲಿಯೇ ನ್ಯಾಯಾಲಯವು ಕಸಿದುಕೊಂಡಿತು.

ಅದೇ ಪ್ರಿವಿ ಕೌನ್ಸಿಲ್ 1868ರ ರಾಮನಾಡಿನ ಮೊಕದ್ದಮೆಯಲ್ಲಿ, ಸ್ಪಷ್ಟವಾಗಿ ರುಜುವಾತಾದ ಪದ್ಧತಿಯು ಲಿಖಿತ ಶಾಸ್ತ್ರಕ್ಕಿಂತ ಮಿಗಿಲೆಂದು ಸಾರಿತು. ಅಳಿಯಕಟ್ಟಿನಂತಹ ಪದ್ಧತಿಗಳಿಗೆ ಇದು ರಕ್ಷಣೆಯಾಯಿತು. ಆದರೆ ರಕ್ಷಣೆಯೇ ಬಂಧನವೂ ಆಯಿತು. ಎಲ್ಲರೂ ಒಪ್ಪಿದರಷ್ಟೇ ಅಳಿಯಸಂತಾನ ಕುಟುಂಬವು ಪಾಲಾಗಬಹುದು, ಒಬ್ಬರು ಬಲಾತ್ಕಾರವಾಗಿ ವಿಭಾಗ ಕೇಳುವಂತಿಲ್ಲವೆಂದು ಮದರಾಸಿನ ಹೈಕೋರ್ಟು 1860ರ ದಶಕದಲ್ಲಿಯೇ ತೀರ್ಮಾನಿಸಿತ್ತು. ಕುಟುಂಬಗಳು ಬೆಳೆದವು, ವ್ಯಾಜ್ಯಗಳೂ ಬೆಳೆದವು. ತನ್ನ ದುಡಿಮೆಯ ಫಲವನ್ನು ಹೆಂಡತಿ ಮಕ್ಕಳಿಗೆ ಬಿಟ್ಟುಹೋಗಬೇಕೆಂಬ ತಂದೆಯ ಆಸೆಗೂ ಕುಟುಂಬದ ಹಕ್ಕಿಗೂ ಘರ್ಷಣೆ ಹುಟ್ಟಿತು. ಕೊನೆಗೆ 1949ರ ಮದರಾಸ್ ಅಳಿಯಸಂತಾನ ಕಾಯಿದೆಯು ‘ಕವರು’ ಎಂಬ ಕುಟುಂಬ ಶಾಖೆಗಳಿಗೆ ವಿಭಾಗದ ಹಕ್ಕನ್ನು ನೀಡಿತು.

ಸಮಾನತೆಯ ದಾರಿ

ಘಟ್ಟದ ಮೇಲೆಯೂ ಬದಲಾವಣೆಯ ಗಾಳಿ ಬೀಸಿತ್ತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ಆಸ್ತಿ ಪಾಲಾಗುವಾಗ ವಿಧವೆಗೂ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ದೊರಕಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಹಕ್ಕಿಗೆ ಕಾಯಿದೆ ಬಂದದ್ದು 1937ರಲ್ಲಿ. ಸ್ವತಂತ್ರ ಭಾರತದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣಿನ ಸ್ವತ್ತನ್ನು ಆಕೆಯ ಸಂಪೂರ್ಣ ಒಡೆತನಕ್ಕೆ ಬಿಟ್ಟಿತು. ಎಂಟು ಶತಮಾನಗಳ ಹಿಂದೆ ವಿಜ್ಞಾನೇಶ್ವರನು ಹೇಳಿದ್ದಕ್ಕೆ ಕಾನೂನು ಒಂದರ್ಥದಲ್ಲಿ ಮರಳಿತು. ಅದೇ ಕಾಯಿದೆಯು ಅಳಿಯಕಟ್ಟಿನ ಉತ್ತರಾಧಿಕಾರವನ್ನೂ ಕ್ರಮೇಣ ಸಾಮಾನ್ಯ ಮಾರ್ಗಕ್ಕೆ ತಂದಿತು. ಅದೇ ವರ್ಷ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಬೀದರವೂ ವಿಶಾಲ ಮೈಸೂರಿನಲ್ಲಿ ಒಂದಾದವು. ಕಲ್ಯಾಣವೂ ಕರಾವಳಿಯೂ ಒಂದೇ ರಾಜ್ಯದ ಭಾಗಗಳಾದವು.

ಆದರೂ ಮಿತಾಕ್ಷರದ ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿದಿತ್ತು. ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನು ತೊಡೆದುಹಾಕಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು.

ಇಲ್ಲಿ ಲಾಭವಿದೆ, ನಷ್ಟವೂ ಇದೆ. ಕಾನೂನು ಇಂದು ಮಗಳನ್ನು ಮಗನಿಗೆ ಸಮನಾಗಿ ಕಾಣುತ್ತದೆ. ಆದರೆ ಹೆಣ್ಣನ್ನೇ ವಂಶದ ಮೂಲವೆಂದು ಕಂಡ ಒಂದು ವ್ಯವಸ್ಥೆಯು ಪಾಲುಪಟ್ಟಿಗಳಿಂದ ಮರೆಯಾಗಿ, ಬಳಿಯ ಹೆಸರಿನಲ್ಲಿ, ಭೂತಾರಾಧನೆಯಲ್ಲಿ, ಕುಟುಂಬದ ಮನೆಯ ಕಲಾಪಗಳಲ್ಲಿ ಮಾತ್ರ ಉಳಿದಿದೆ. ಪದ್ಧತಿಯೆಂಬ ಕಾರಣಕ್ಕೆ ಅನ್ಯಾಯವನ್ನು ಕಾಪಾಡುವುದು ತಪ್ಪು. ಸಮಾನತೆಯ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಅಚ್ಚಿಗೆ ಸುರಿಯುವುದೂ ಯುಕ್ತವಲ್ಲ. ಪದ್ಧತಿಯ ಪರವಾಗಿ ಮಾತನಾಡುವವರು ಯಾರು, ಮೌನವಾಗಿ ಕುಳಿತವರು ಯಾರು ಎಂದು ಕೇಳಿದಾಗಲೇ ಎರಡರ ನಡುವಣ ದಾರಿ ಕಾಣುತ್ತದೆ.

ನಮ್ಮ ಪಾಲಿನ ಪ್ರಶ್ನೆ

ನಾವು ನೆಲೆಸಿರುವ ಅಮೆರಿಕವೂ ಈ ವಿಷಯದಲ್ಲಿ ಏಕರೂಪಿಯಲ್ಲ. ಲೂಸಿಯಾನಾದ ಕಾನೂನಿನಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪರಂಪರೆಗಳು ಬದುಕಿವೆ. ಕ್ಯಾಲಿಫೋರ್ನಿಯಾದಲ್ಲಿ ದಂಪತಿಗಳ ಗಳಿಕೆಯು ಇಬ್ಬರಿಗೂ ಸೇರಿದ್ದೆಂಬ ನಿಯಮವು ಸ್ಪ್ಯಾನಿಷ್ ಆಡಳಿತದ ಬಳುವಳಿ. ವಲಸೆ ಹೋದ ಹಿಂದೂ ಕುಟುಂಬವು ತನ್ನ ದಾಯಪದ್ಧತಿಯನ್ನು ಜೊತೆಗೇ ಕೊಂಡೊಯ್ಯುತ್ತದೆಂದು ಭಾರತದ ನ್ಯಾಯಾಲಯಗಳು ಹಿಂದೆ ಭಾವಿಸಿದ್ದವು. ಸಾಗರ ದಾಟಿದ ನಮಗೆ ಅದು ಅನ್ವಯಿಸದು. ಇಲ್ಲಿಯ ಮನೆಗೆ ಇಲ್ಲಿಯ ರಾಜ್ಯದ ಕಾನೂನು, ಊರಿನ ತೋಟಕ್ಕೆ ಊರಿನ ಕಾನೂನು.

ಆದರೆ ಆ ತೋಟದ ಪ್ರಶ್ನೆ ನಮ್ಮ ಮುಂದೆ ಬಂದೇ ಬರುತ್ತದೆ. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು ಇಂದಿಗೂ ನಮ್ಮ ಮನೆಗಳಲ್ಲಿ ರೂಢಿಯೆಂದೇ ನಡೆದಿದೆ. ಮದುವೆಯಲ್ಲಿ ಕೊಟ್ಟಿದ್ದೇವಲ್ಲ ಎಂಬ ಮಾತು ಅದಕ್ಕೆ ಸಮರ್ಥನೆ. ಸಂತೋಷದಿಂದ ಬಿಟ್ಟುಕೊಡುವ ಸೋದರಿಯರಿದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಸಹಿ ಮಾಡುವವರೂ ಇದ್ದಾರೆ. ಕಾನೂನು ಆ ಸಹಿಯನ್ನು ಕಾಣಬಲ್ಲದು, ಅಂಜಿಕೆಯನ್ನು ಕಾಣುವುದು ಕಷ್ಟ. ಅದನ್ನು ಕಾಣಬೇಕಾದವರು ಒಡಹುಟ್ಟಿದವರು. ಇಲ್ಲಿ ಗಂಡುಹೆಣ್ಣುಗಳ ಸಮಾನತೆಯನ್ನು ಮೆಚ್ಚಿ, ಊರಿನ ಕಾಗದಪತ್ರ ಬಂದಾಗ ಹಳೆಯ ರೂಢಿಯನ್ನು ನೆನೆಯುವುದು ನಮಗೆ ಶೋಭಿಸದು. ಕಲ್ಯಾಣದ ಗ್ರಂಥವನ್ನೂ ಕರಾವಳಿಯ ಕಟ್ಟನ್ನೂ ಒಟ್ಟಿಗೆ ಪೊರೆದ ನಾಡಿನ ಮಕ್ಕಳು ನಾವು. ಸೋದರಿಯ ಪಾಲಿನ ವಿಷಯದಲ್ಲಿ ಆ ನಾಡಿನ ಔದಾರ್ಯವನ್ನು ನಮ್ಮ ನಮ್ಮ ಮನೆಗಳಲ್ಲಿ ನಡೆಸಿ ತೋರಿಸುವ ಹೊಣೆ ನಮ್ಮದು.